ಕಳಂಬೋಲಿಯ ಹಗ್ಗಜಗ್ಗಾಟ

ಕ್ರೀಡಾಕೂಟ ನಡೆಸಲು ಯಾರು ಮುಂದೆ ಬರುತ್ತೀರಿ ಎಂದು ಮ್ಯಾನೇಜರ್ ಜಯಶೀಲ ಸರ್ ಕೇಳಿದ್ದೇ ತಡ, ಕಳಂಬೋಲಿಯ ಕಬ್ಬಿಣ ಪೇಟೆಯ ಆ ಆಫೀಸಿನವರೆಲ್ಲ ಒಟ್ಟಿಗೆ ಶೂ ಲೇಸು ಕಟ್ಟಿಕೊಳ್ಳಲು ಬಗ್ಗಿದರು. ಕೈ ಎತ್ತಿದವನು ಬಿಲ್ಲಿಂಗಿನ ತಾರಾನಾಥ ಒಬ್ಬನೇ.

ಆಟದ ಮೋಹದಿಂದಲ್ಲ. ಅವನ ಮನೆ ಠಾಣೆಯ ಮಾಜಿವಾಡಾದಲ್ಲಿ. ಕಂಪೆನಿಯ ಇನ್ನೊಂದು ಆಫೀಸೂ ಅಲ್ಲೇ, ಮನೆಯ ಕುಕ್ಕರಿನ ಸೀಟಿ ಕೇಳಿಸುವಷ್ಟು ಹತ್ತಿರ. ಅಲ್ಲೊಂದು ಕುರ್ಚಿ ಖಾಲಿಯಾಗಿತ್ತು. ಅವನೋ ದಿನವೂ ಪನ್ವೆಲ್ ಲೋಕಲ್ ರೈಲಿನಲ್ಲಿ ಜೋತಾಡಿ, ಶೇರ್ ರಿಕ್ಷಾದಲ್ಲಿ ಮುದುಡಿ, ಯಾರ್ಡಿನ ಧೂಳು ಮೆತ್ತಿಕೊಂಡು ಮರಳಿದರೆ, ಹೆಂಡತಿ ಸುಂದರಿ ಕಾಲೊರಸನ್ನು ಕೊಡವಿದ ಹಾಗೆ ಅವನನ್ನು ಕೊಡವಿಯೇ ಒಳಗೆ ಬಿಡುತ್ತಿದ್ದಳು. ಕೂಟ ಚೆನ್ನಾಗಿ ನಡೆದರೆ ವರ್ಗಾವಣೆಯ ಬಗ್ಗೆ ನೋಡೋಣ ಎಂದು ಸರ್ ಹೇಳಿದ್ದರು.

ಕ್ರೀಡಾ ಕಾರ್ಯದರ್ಶಿಯೆಂದರೆ ಪೀಡಾ ಕಾರ್ಯದರ್ಶಿ ಎಂಬುದು ಭಾನುವಾರ ಬೆಳಿಗ್ಗೆಯೇ ಅವನಿಗೆ ತಿಳಿಯಿತು. ಚಮಚದ ಓಟಕ್ಕೆ ತಂದ ಲಿಂಬೆಗಳನ್ನು ಕ್ಯಾಂಟೀನಿನವರು ಶರಬತ್ತು ಮಾಡಿ ಹಂಚಿಬಿಟ್ಟಿದ್ದರಿಂದ ಹೆಂಗಸರು ವಡೆಗೆ ಬೇಯಿಸಿದ್ದ ಬಟಾಟೆ ಇಟ್ಟುಕೊಂಡು ಓಡಿದರು. ಸಂಗೀತ ಕುರ್ಚಿಯಲ್ಲಿ ಹಿರಿಯ ಅಕೌಂಟೆಂಟರು ಹಾಡು ಶುರುವಾಗುವ ಮೊದಲೇ ಕೂತು, ಈ ಮಂಡಿಯಲ್ಲಿ ಮತ್ತೆ ಏಳಲಾರೆ ಎಂದು ಹೇಳಿ ಕೂತಲ್ಲೇ ಗೆದ್ದರು.

ಉಳಿದದ್ದು ಹಗ್ಗಜಗ್ಗಾಟ. ಒಂದು ಕಡೆ ಆಫೀಸಿನವರು, ಎಲ್ಲರ ಮುಂದೆ ಸ್ವತಃ ಜಯಶೀಲ ಸರ್. ಇನ್ನೊಂದು ಕಡೆ ಮುಂದಾಳು ಮುಕಾದಮ ಮರಗಪ್ಪನೂ ಸೇರಿ ಎಂಟು ಮಂದಿ ಹಮಾಲರು. ಕಬ್ಬಿಣದ ಸಲಾಕೆಗಳನ್ನು ಊದುಬತ್ತಿಯಂತೆ ಹೆಗಲ ಮೇಲಿಟ್ಟುಕೊಂಡು ಓಡಾಡುವವರು. ಸರ್ ಮುಗ್ಗರಿಸಿ ಬಿದ್ದರೆ ಮಾಜಿವಾಡಾವೂ ಬಿದ್ದ ಹಾಗೆಯೇ. ತಾರಾನಾಥ ಗೋಡೌನಿನ ಹಿಂದೆ ಮರಗಪ್ಪನನ್ನು ಹಿಡಿದ.

"ಒಂದು ಉಪಕಾರ ಮಾಡು ಮಾರಾಯ. ಎಳೆಯುವ ಹಾಗೆ ಮಾಡಿ, ಎಳೀಬೇಡಿ."

ಮರಗಪ್ಪ ಮೀಸೆ ಸವರಿದ. "ಸೋತು ರೂಢಿ ಇಲ್ರಿ ಸಾಹೇಬ್ರ. ಆದ್ರ ನೀವು ದಿನಾ ನಮ್ಮ ಕೂಡ ಚಹಾ ಕುಡಿಯೋರು. ನಿಮ್ಮ ಸಲುವಾಗಿ ಸೋಲ್ತೀವಿ, ಹೋಗ್ರಿ."

ತಾರಾನಾಥ ನಿಶ್ಚಿಂತೆಯಿಂದ ಸೀಟಿ ಊದಿದ.

ಏನೂ ಆಗಲಿಲ್ಲ. ಎರಡು ಕಡೆಯವರೂ ಹಲ್ಲು ಕಚ್ಚಿದರು, ಕಣ್ಣು ಕೆಂಪು ಮಾಡಿದರು, ಹೆರಿಗೆ ವಾರ್ಡಿನಂತೆ ನರಳಿದರು. ಮುಖಗಳನ್ನು ನೋಡಿದರೆ ಮಹಾಯುದ್ಧ. ಹಗ್ಗವನ್ನು ನೋಡಿದರೆ ಒದ್ದೆ ಬಟ್ಟೆ ಹರವಬಹುದಿತ್ತು. ತಾರಾನಾಥ ಬೆವರುತ್ತ ಮರಗಪ್ಪನ ಕಿವಿಯ ಬಳಿ ಬಗ್ಗಿದ. ಮರಗಪ್ಪ ಹಲ್ಲಿನ ಸಂದಿಯಿಂದಲೇ ಉತ್ತರ ಕೊಟ್ಟ.

"ನಾವೇನ್ ಮಾಡೂಣ್ರಿ? ಅವರು ಜಗ್ಗಿದರ ಅಲ್ಲೇನ್ರಿ ನಾವು ಹೋಗೂದು?"

ಸರ್ ಕಡೆಯವರ ಕಸುವು ಮುಗಿದಿರಬೇಕೆಂದುಕೊಂಡ ತಾರಾನಾಥ ತಾನು ರೆಫರಿಯೆಂಬುದನ್ನೂ ಮರೆತು ಹಗ್ಗದ ನಡುವನ್ನು ಹಿಡಿದು ಸರ್ ಕಡೆಗೆ ಒಮ್ಮೆ ಎಳೆದ. ಇದಕ್ಕೇ ಕಾದಿದ್ದ ಎಂಟು ಮಂದಿಯೂ ಠಾಣೆಯಲ್ಲಿ ಲೋಕಲಿನಿಂದ ಇಳಿಯುವವರಂತೆ ಧುಮುಧುಮು ಬಂದು ಗೆರೆಯಾಚೆ ರಾಶಿಬಿದ್ದರು.

ಯಾರ್ಡಿಗೆ ಯಾರ್ಡೇ ಸೀಟಿ ಹೊಡೆಯಿತು. ಮರಗಪ್ಪ ಮಣ್ಣು ಕೊಡವಿಕೊಂಡು, ತಾರಾನಾಥ ಸಾಹೇಬರ ರಟ್ಟೆಯಲ್ಲಿ ಕ್ರೇನೇ ಇದೆ ಎಂದು ಕಂಡವರಿಗೆಲ್ಲ ಸಾರತೊಡಗಿದ. ಆಗ ಎಚ್.ಆರ್.ನ ಹುಡುಗಿ ನಿಕಿತಾ ಹಣೆ ಚಚ್ಚಿಕೊಳ್ಳುತ್ತ ಬಂದಳು.

"ಕ್ಯಾ ಕಿಯಾ ಅಂಕಲ್? ಸರ್ ಕೋ ಹಾರ್‌ನಾ ಥಾ."

ಸರ್ ಸೋಲಬೇಕಿತ್ತಂತೆ. ಸೋಮವಾರ ಹಮಾಲರೊಂದಿಗೆ ಕೂಲಿಯ ಮಾತುಕತೆಯಿತ್ತಂತೆ. ಅವರನ್ನು ಗೆಲ್ಲಿಸಿ ಖುಷಿಪಡಿಸಲೆಂದು, ಯಾರೂ ಎಳೆಯಕೂಡದೆಂದು ಸರ್ ತಮ್ಮವರಿಗೆಲ್ಲ ಹೇಳಿಟ್ಟಿದ್ದರಂತೆ. ತಾರಾನಾಥನ ಕಣ್ಣೆದುರು ಮಾಜಿವಾಡಾ ಲಾಸ್ಟ್ ಲೋಕಲಿನಂತೆ ಹೊರಟುಹೋಯಿತು.

ಅಷ್ಟರಲ್ಲಿ ಸರ್ ಅವನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. ಮುಖದಲ್ಲಿ ಸಿಟ್ಟಿರಲಿಲ್ಲ.

"ನಿಮ್ಮನ್ನು ಮಾಜಿವಾಡಾಕ್ಕೆ ಕಳಿಸುವುದೂಂತ ನಿನ್ನೆಯೇ ತೀರ್ಮಾನ ಮಾಡಿದ್ದೆ, ತಾರಾನಾಥ."

ಅವನ ಎದೆ ಕುಣಿಯಿತು.

"ಈಗ ಬೇಡ. ನಾವಂತೂ ಎಳೀಲೇ ಇಲ್ಲ ಮಾರಾಯ್ರೆ. ಇಷ್ಟು ವರ್ಷ ನಾನು ಬೊಬ್ಬೆ ಹೊಡೆದ್ರೂ ಒಂದು ಹೆಜ್ಜೆ ಕದಲದವರು ನೀವು ಕೈ ಹಾಕಿದ ಕೂಡ್ಲೆ ಓಡಿ ಬಂದ್ರಲ್ಲ. ಇಂಥವರನ್ನು ಎಸಿಯಲ್ಲಿ ಕೂರಿಸ್ಲಿಕ್ಕುಂಟಾ? ನಾಳೆಯಿಂದ ಇಡೀ ಯಾರ್ಡು ನಿಮ್ಮದು. ನಸುಕಿಗೆ ಮೊದಲ ಟ್ರೇಲರ್ ಲಾರಿ ಬರುವಾಗ ಇಲ್ಲಿರ್ಬೇಕು."

ನಿಜ ಹೇಳಲು ತಾರಾನಾಥ ಬಾಯಿ ತೆರೆದ. ಹೇಳಿದರೆ ಮರಗಪ್ಪನೊಂದಿಗೆ ಆಟವನ್ನು ಮೊದಲೇ ಹೊಂದಿಸಿದ್ದನ್ನೂ ಹೇಳಬೇಕು. ಬಾಯಿ ಮುಚ್ಚಿದ. ಅಷ್ಟರಲ್ಲಿ ಹಮಾಲರು ಅವನನ್ನು ಸಲಾಕೆಯ ಕಟ್ಟಿನಂತೆ ಹೆಗಲಿಗೇರಿಸಿ ಮೆರವಣಿಗೆ ಹೊರಟೇಬಿಟ್ಟರು.

ಕೆಳಗಿನಿಂದ ಮರಗಪ್ಪ ಅಭಿಮಾನದಿಂದ ಕೇಳಿದ: "ನಿಮ್ಮ ಕೆಲಸ ಆತಲ್ರಿ, ಸಾಹೇಬ್ರ?"

"ಆಯ್ತು ಮಾರಾಯ," ಎಂದ ತಾರಾನಾಥ ಮೇಲಿನಿಂದ, "ಇಳಿಸು."