ಹುರುಳಿ ಸಾರಿಗೆ ಇದ್ದಿಲ ಕಾವಲು

ದೆವ್ವವಿಲ್ಲ ಎಂದು ವಾದಿಸುವುದು ಸುಲಭ. ಇಲ್ಲದ ದೆವ್ವವನ್ನು ನೋಡಲು ಜನ ಟಿಕೆಟ್ ತಗೊಂಡು ಯಾಕೆ ಬರುತ್ತಾರೆ ಎಂದು ವಿವರಿಸುವುದೇ ಕಷ್ಟ. ಮೊದಲನೆಯದಕ್ಕೆ ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದಿದ್ದೇನೆ. ಎರಡನೆಯದರಲ್ಲಿ ನನ್ನನ್ನು ಸೋಲಿಸಿದವಳು ಮಧುಗಿರಿಯ ನಮ್ಮ ದೊಡ್ಡಮ್ಮ. ಊರಿಗೆ ಬಂದ ಒಂದು ದೆವ್ವದ ಸಿನಿಮಾವನ್ನೂ ಬಿಟ್ಟವಳಲ್ಲ. ಮುಖಕ್ಕೆ ಸೆರಗು ಮುಚ್ಚಿಕೊಂಡು, ಸೆರಗಿನ ಸಂದಿಯಿಂದ ಪೂರ್ತಿ ನೋಡುತ್ತಾಳೆ.

ಹೋದ ಭಾನುವಾರ ಮ್ಯಾಟಿನಿಗೆ ನನ್ನನ್ನೂ ಹೊರಡಿಸಿದಳು. ಸಿನಿಮಾ ಮುಗಿಸಿ ನಾನು ಹಾಗೇ ಕೊಡಿಗೇನಹಳ್ಳಿಯ ಮನೆಗೆ ಹೋಗುವವನೆಂದು ಡಬ್ಬಿಗೆ ಕುರಿ ಬಾಡಿನ ಸಾರು ತುಂಬಿ, ಮೇಲೊಂದು ಚೂರು ಇದ್ದಿಲು ಇಟ್ಟಳು. ಬಾಡಿನ ವಾಸನೆಗೆ ದಾರಿಯ ದೆವ್ವ ಬೆನ್ನು ಹತ್ತಬಾರದಲ್ಲ! ನಾನು ಇದ್ದಿಲನ್ನು ತೆಗೆದು ಆಚೆ ಎಸೆದೆ.

"ಲೇ, ಸುಮ್ಕೆ ಮಡಿಕ್ಕಳ್ಲಾ," ಅಂದಳು.

"ಪಂದ್ಯ ದೊಡ್ಡಮ್ಮ. ಇದ್ದಿಲಿಲ್ದೆ ಇದು ಮನೆ ಸೇರಿದ್ರೆ ನೀನು ಈ ಪದ್ಧತಿ ಬಿಡಬೇಕು. ನಾನು ಹೆದರಿದ್ರೆ ಇನ್ನು ನಿನ್ನ ಮುಂದೆ ವಾದಾನೇ ಮಾಡಲ್ಲ."

"ಆಗ್ಲಿ ಬುಡು," ಎಂದು ಮುಚ್ಚಳ ಬಿಗಿ ಮಾಡುವ ನೆಪದಲ್ಲಿ ಡಬ್ಬಿಯನ್ನು ಒಳಗೆ ಒಯ್ದು ತಂದಳು.

ಥಿಯೇಟರಿನಲ್ಲಿ ನಾನು ತೆರೆಗಿಂತ ಜನರನ್ನೇ ಗಮನಿಸಿದೆ. ಎಲ್ಲರೂ ಒಟ್ಟಿಗೆ ಕಿರುಚಿ, ಮರುಕ್ಷಣ ಒಬ್ಬರನ್ನೊಬ್ಬರು ನೋಡಿ ನಗುತ್ತಿದ್ದರು. ಇಂಟರ್‌ವಲ್‌ನಲ್ಲಿ, "ಹೆದರಿಕೆ ಅಂದ್ಮೇಲೆ ಯಾಕೆ ಬರ್ತೀಯ?" ಎಂದು ಕೇಳಿದೆ.

"ಮನೇಲಿರೋ ಹೆದರಿಕೆಗೆ ಕೊನೆ ಎಲ್ಲೈತ್ಲಾ? ಇಲ್ಲಾದ್ರೆ ಎರಡೂವರೆ ಗಂಟೆಗೆ ಲೈಟ್ ಹಾಕ್ತಾರೆ," ಅಂದಳು ಚುರುಮುರಿ ಅಗಿಯುತ್ತಾ. ನಾನೂ ಅವಳ ಚುರುಮುರಿಗೆ ಕೈ ಹಾಕಿದೆ.

ಅವಳು ಮನೆಗೆ ಹೋದಳು, ನಾನು ಬಸ್ ಸ್ಟ್ಯಾಂಡಿಗೆ ಬಂದೆ. ಸಂಜೆ ಐದರ ಕಣ್ಣು ಕುಕ್ಕುವ ಬಿಸಿಲು. ಆದರೂ ಯಾರೋ ಬೆನ್ನ ಹಿಂದೆ ನಿಂತಂತೆ ಎರಡು ಸಲ ತಿರುಗಿ ನೋಡಿದೆ. ಭಯವಲ್ಲ, ಬರೀ ಪರಿಶೀಲನೆ. ಮೂರನೆಯ ಪರಿಶೀಲನೆ ಪಕ್ಕದ ಇಸ್ತ್ರಿ ಗಾಡಿಯ ಹತ್ತಿರ ಮುಗಿಯಿತು.

"ಅಣ್ಣ, ಒಂದು ಚೂರು ಇದ್ದಿಲು..."

ಅವನು ನನ್ನ ಡಬ್ಬಿ ನೋಡಿದ. "ಬಾಡಾ? ತಗಳಪ್ಪ," ಎಂದು ದೊಡ್ಡ ಚೂರನ್ನೇ ಆರಿಸಿ ಕೊಟ್ಟ.

ಮನೆಗೆ ಬಂದು ಮುಚ್ಚಳ ತೆಗೆದರೆ ಹುರುಳಿ ಸಾರು! ದೊಡ್ಡಮ್ಮನಿಗೆ ಫೋನ್ ಮಾಡಿದೆ.

"ಇದ್ದಿಲು ಬ್ಯಾಡ ಅಂದ್ಯಲ್ಲ, ಬಾಡು ಕೊಟ್ಟು ಹೆಂಗ್ಲಾ ಕಳಿಸ್ಲಿ? ದಾರೀಲಿ ಏನೂ ಆಗ್ಲಿಲ್ಲ ತಾನೇ?"

ಪಂದ್ಯದಲ್ಲಿ ಮೋಸ ಮಾಡಿದ್ದೀಯ ಎಂದು ಖಂಡಿಸಲು ಬಾಯಿ ತೆರೆದೆ. ಅಷ್ಟರಲ್ಲಿ ಫೋನ್ ಹಿಡಿದ ಬೆರಳುಗಳು ಕಣ್ಣಿಗೆ ಬಿದ್ದವು. ಕಪ್ಪಗಿದ್ದವು.

"ಏನೂ ಆಗ್ಲಿಲ್ಲ ದೊಡ್ಡಮ್ಮ," ಎಂದೆ. ಅವತ್ತಿನಿಂದ ಅವಳ ಮುಂದೆ ನಾನು ವಾದ ಮಾಡುತ್ತಿಲ್ಲ. ನನಗೆ ಬುದ್ಧಿ ಬಂತೆಂದು ತಿಳಿದಿದ್ದಾಳೆ.