ಖಾಲಿ ಬೀರು, ಒಂದು ಎಮ್ಮೆ ಮತ್ತು ನಮ್ಮ ಖೋಖೋ

ಸರ್ಕಾರಿ ಹೈಸ್ಕೂಲಿನ ಪಿ.ಟಿ. ಮೇಷ್ಟ್ರು ನಗು ಹುಡುಕಿಕೊಂಡು ಹೋಗಬೇಕಿಲ್ಲ. ಅದೇ ಬೆಳಿಗ್ಗೆ ಪ್ರಾರ್ಥನೆಯ ಹೊತ್ತಿಗೆ ಬಂದು ಸಾಲಿನಲ್ಲಿ ನಿಂತಿರುತ್ತದೆ. ತೊಂಬತ್ತರ ದಶಕದ ಕೊನೆಗೆ ಕೂಡ್ಲಿಗಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಕಳೆದ ಒಂದು ವರ್ಷವನ್ನು ನೆನೆದರೆ ಈಗಲೂ ಒಬ್ಬನೇ ಕೂತು ನಗುತ್ತೇನೆ.

ಬೀರು

ನಮ್ಮ ಹೆಡ್‌ಮಾಸ್ತರು ಕಪ್ಪು, ಶೀಲ್ಡು ಇಡಲೆಂದು ಗಾಜಿನ ಬಾಗಿಲಿನ ಬೀರು ಮಾಡಿಸಿದ್ದರು. ಕಪ್ಪು ಮಾತ್ರ ಒಂದೂ ಬಂದಿರಲಿಲ್ಲ. ಒಳಗಿದ್ದದ್ದು ಸೀಮೆಸುಣ್ಣದ ಡಬ್ಬಿ ಮತ್ತು ಅವರ ರೊಟ್ಟಿ ಗಂಟು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಗಾಜಿನಲ್ಲಿ ಇಣುಕಿ, “ಇದು ಯಾವ ಆಟದಾಗ ಬಂದ ಬಹುಮಾನ್ರಿ?” ಎಂದು ಕೇಳಿದರು.

ಹೆಡ್‌ಮಾಸ್ತರು ತಲೆ ತಗ್ಗಿಸಿ, “ಮನಿಯಿಂದ ಬಂದದ್ರಿ ಸರ, ಮಧ್ಯಾಹ್ನಕ್ಕ” ಎಂದರು.

ಸಾಹೇಬರು ಹೋದ ಮೇಲೆ ನನ್ನನ್ನು ಕರೆದರು. “ಮೇಷ್ಟ್ರೆ, ಈ ವರ್ಷ ನಾ ರಿಟೈರ್ ಆಗ್ತೀನಿ. ಹೋಗೂದ್ರಾಗ ಇದರಾಗ ಒಂದು ಕಪ್ ನೋಡಬೇಕ್ರಿ.” ಅವರ ಮುಖ ನೋಡಿ ನನಗೆ ಸಂಕಟವಾಯಿತು. ಹುಡುಗಿಯರ ಖೋಖೋ ತಂಡ ಕಟ್ಟಿದೆ.

ಎಮ್ಮೆ

ಶಾಲೆಗೆ ಕಾಂಪೌಂಡ್ ಇರಲಿಲ್ಲ. ನಾನು ಮೈದಾನದಲ್ಲಿ ಖೋಖೋ ಕಂಬ ನೆಟ್ಟ ಮರುದಿನವೇ ಪಕ್ಕದ ಮನೆಯ ಅಜ್ಜ ಅದಕ್ಕೆ ಎಮ್ಮೆ ಕಟ್ಟಿದ್ದ.

“ಯಜಮಾನ್ರ, ಇದು ಆಟದ ಕಂಬ.”

“ಸುಮ್ನ ನಿಂತಿತ್ತಲ್ರಿ, ಅದಕ ಕಟ್ಟೀನಿ.”

ಬಿಚ್ಚಿಸಿದರೆ ಮತ್ತೆ ಕಟ್ಟುತ್ತಿದ್ದ. ಕಡೆಗೆ ಎಮ್ಮೆಯನ್ನೇ ಸುತ್ತಿಕೊಂಡು ಎರಡು ತಿಂಗಳು ಪ್ರಾಕ್ಟೀಸ್ ಮಾಡಿದೆವು. ಕೂಡ್ಲಿಗಿಯ ತಾಲ್ಲೂಕು ಕ್ರೀಡಾಕೂಟದ ಮೊದಲ ಪಂದ್ಯದಲ್ಲಿ ನೋಡುತ್ತೇನೆ, ನಮ್ಮ ಹುಡುಗಿಯರೆಲ್ಲ ಬರಿಯ ಕಂಬವನ್ನೂ ಎರಡು ಮಾರು ದೂರದಿಂದಲೇ ಸುತ್ತುತ್ತಿದ್ದಾರೆ! ತಡೆಯಲಾರದೆ ಕೂಗಿದೆ: “ಏ, ಇಲ್ಲಿ ಎಮ್ಮಿ ಇಲ್ರವ್ವಾ, ಹತ್ರ ತಿರುಗ್ರಿ!”

ಎದುರು ತಂಡದವರು ಎಮ್ಮೆ ಎಲ್ಲಿ ಎಂದು ನಿಂತು ಹಿಂತಿರುಗಿ ನೋಡಿದರು. ಅಷ್ಟರಲ್ಲಿ ಇಬ್ಬರು ಔಟ್.

ನಾದಿನಿ

ಹೀಗೆ ಫೈನಲ್‌ಗೆ ಬಂದೆವು. ಹೆಡ್‌ಮಾಸ್ತರು ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡಿದ್ದರು. ಎದುರು ತಂಡದ ಒಬ್ಬ ಹುಡುಗಿ ನಮ್ಮ ಜೋರು ಆಟಗಾರ್ತಿಯನ್ನೇ ಮೊದಲು ಔಟ್ ಮಾಡಿದಳು. ನಾವು ಬೆನ್ನಟ್ಟುವ ಸರದಿಯ ಕೊನೆಯ ಕ್ಷಣದಲ್ಲಿ ನಾವು ಒಂದು ಪಾಯಿಂಟ್ ಹಿಂದಿದ್ದೆವು. ಆಗ ಅದೇ ಹುಡುಗಿ ನಮ್ಮ ಆ ಜೋರು ಆಟಗಾರ್ತಿಯ ಕೈಯಳತೆಯಲ್ಲಿ ಸಿಕ್ಕಳು. ನಮ್ಮವಳು ಕೈ ಎತ್ತಿದಳು, ಯಾಕೋ ಇಳಿಸಿಬಿಟ್ಟಳು. ಸೀಟಿ ಊದಿದರು, ಸೋತೆವು.

“ಯಾಕವ್ವಾ, ಯಾಕ ಮುಟ್ಟಲಿಲ್ಲ?”

“ಆಕಿ ನಮ್ಮ ಅಕ್ಕನ ನಾದಿನಿ ರೀ ಸರ. ಅಕ್ಕನ್ನ ಕೊಟ್ಟು ಮೂರು ತಿಂಗಳಾಗೇತಿ. ನಾ ಔಟ್ ಮಾಡಿದ್ರ ಅಲ್ಲಿ ಅಕ್ಕನ ಮ್ಯಾಲೆ ಮಾತು ಬರ್ತಾವ್ರಿ.”

“ಮತ್ತ ಆಕಿ ನಿನ್ನ ಔಟ್ ಮಾಡಿದ್ಲಲ್ಲ?”

“ಅವರು ಗಂಡಿನ ಕಡೇರಲ್ರಿ ಸರ, ಅವರಿಗೇನು!”

ಹೆಡ್‌ಮಾಸ್ತರು ಎದ್ದು ಬಂದು, “ನಿಮ್ಮ ಅಕ್ಕ ಚೆಂದಾಗಿ ಅದಾಳಿಲ್ಲವಾ?” ಎಂದು ಕೇಳಿದರು. “ಅದಾಳ್ರಿ.” “ಹಂಗಾದ್ರ ಆತು ಬಿಡು” ಎಂದರು. ನಿವೃತ್ತಿಯ ದಿನ ಬೀರುವಿನಿಂದ ರೊಟ್ಟಿ ಗಂಟು ತೆಗೆದುಕೊಂಡು ಹೋದರು. ಅವರಷ್ಟು ದೊಡ್ಡ ಮನಸ್ಸಿನವರನ್ನು ನಾನು ಮತ್ತೆ ನೋಡಲಿಲ್ಲ.

ಕೊಟ್ಟೂರು ಬಸ್‌ಸ್ಟ್ಯಾಂಡ್

ಏಳೆಂಟು ವರ್ಷದ ಮೇಲೆ, ನನಗೆ ಹಡಗಲಿ ಕಡೆ ವರ್ಗವಾಗಿದ್ದಾಗ, ಕೊಟ್ಟೂರಿನಲ್ಲಿ ಅದೇ ಆಟಗಾರ್ತಿ ಸಿಕ್ಕಳು. ಮದುವೆಯಾಗಿತ್ತು. ಜೊತೆಗೆ ಗೆದ್ದ ಕಪ್ಪು ಹಿಡಿದ ಒಬ್ಬ ಹೈಸ್ಕೂಲ್ ಹುಡುಗಿ.

“ನಮ್ಮ ನಾದಿನಿ ರೀ ಸರ. ಖೋಖೋದಾಗ ಫಸ್ಟ್.”

“ಭಾಳ ಸಂತೋಷ. ಯಾರನ್ನ ಸೋಲಿಸಿದ್ರಿ?”

“ನಾ ಕಲ್ತ ನಮ್ಮ ಸಾಲೀನ ರೀ! ನನ್ನ ತಂಗಿ ಆ ಕಡೆ ಆಡಿದ್ಲು. ಇಕಿ ಕೈಗೆ ಸಿಕ್ಕಾಗ ಬಿಟ್ಟುಬಿಟ್ಲು ಹುಚ್ಚಿ, ನನ್ನ ಮ್ಯಾಲೆ ಮಾತು ಬರಬಾರದಂತ.” ಅವಳ ಕಣ್ಣು ಒದ್ದೆಯಾಯಿತು.

ಅಂದರೆ ಆ ಬೀರು ಇನ್ನೂ ಖಾಲಿ ಎಂದುಕೊಂಡು ಕೇಳಿದೆ: “ಮತ್ತ ನಿಮ್ಮ ನಾದಿನಿ ನಿನ್ನ ತಂಗೀನ ಬಿಟ್ಲೇನು?”

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ನೆಟ್ಟಗೆ ನಿಂತಳು.

“ಯಾಕ ಬಿಡ್ತಾಳ್ರಿ ಸರ? ಈಗ ನಾವು ಗಂಡಿನ ಕಡೇರಲ್ರಿ!”