ಸೆರಗು ಹೊದ್ದ ಸ್ಪೀಕರು

ಖಾದರಬಾಷಾನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಇಳಕಲ್ಲಿನಲ್ಲಿ ಅವನದೂ ನನ್ನದೂ ಮೈಕ್ ಸೆಟ್ಟಿನ ಧಂದೆ. ಒಂದೇ ಗುರುವಿನ ಕೈಕೆಳಗೆ ಬೆಸುಗೆ ಹಾಕಲು ಕಲಿತವರು ನಾವು. ಅಂಥವನು ಹುನಗುಂದದ ಒಂದು ಮದುವೆಯಲ್ಲಿ, ಊಟಕ್ಕೆ ಕೂತವರೆಲ್ಲ ಕೇಳುವ ಹಾಗೆ, ನಾನು ಕೈಯಾರೆ ಮಾಡಿದ ಸ್ಪೀಕರಿಗೆ ಹೆಸರಿಟ್ಟ: "ರಾಚಪ್ಪನ ಡಬ್ಬಿ ದನಿ ಛಲೋ ಅದ. ಆದ್ರ ನೋಡಾಕ ಜ್ವಾಳದ ಕಣಜ ಇದ್ದಂಗದ." ಪಂಕ್ತಿಗೆ ಪಂಕ್ತಿಯೇ ನಕ್ಕಿತು. ನಾನು ಎಲೆಯಲ್ಲಿದ್ದ ಸಿಹಿ ಮಾದಲಿ ಬಿಟ್ಟು ಎದ್ದುಬಂದೆ. ಮಾದಲಿ ಬಿಟ್ಟು ಎದ್ದವನ ಸಿಟ್ಟು ಎಂಥದಿದ್ದೀತು, ನೀವೇ ಲೆಕ್ಕ ಹಾಕಿ!

ಅಂದೇ ಶಪಥ ಮಾಡಿದೆ. ಏಳನೇ ಇಯತ್ತೆಗೆ ಸಾಲೆ ಬಿಟ್ಟವನಾದರೇನು? ಜಗತ್ತು ಕಣ್ಣು ಬಿಟ್ಟು ನೋಡುವಂಥ ಸ್ಪೀಕರು ಮಾಡುತ್ತೇನೆ, ಹಾಡಿದರೆ ತಾನೇ ಬೆಳಗಬೇಕು! ಸಾಗವಾನಿಯ ಪೆಟ್ಟಿಗೆ ಕಟ್ಟಿದೆ. ಒಳಗೆ ಸುತ್ತಲೂ ಎಲ್‌ಇಡಿ ಪಟ್ಟಿ ಅಂಟಿಸಿದೆ. ಮೆಲ್ಲನೆಯ ದನಿಗೆ ಹಸಿರು, ಜೋರು ದನಿಗೆ ಕೆಂಪು. ದೀಪಕ್ಕೆ ದನಿಯನ್ನು ತಂತಿಯಿಂದಲೇ ಕೊಟ್ಟು ನೋಡಿದಾಗ ಗೊರಗೊರ ಸದ್ದು ಬಂತು. ಅದಕ್ಕೇ ಪೆಟ್ಟಿಗೆಯ ನೆತ್ತಿಯ ಮೇಲೆ ಕಡಲೆಕಾಳಿನಷ್ಟು ಮೈಕೊಂದನ್ನು ಕೂರಿಸಿದೆ. ಕೋಣೆಯಲ್ಲಿ ಯಾವ ದನಿಯಾದರೂ ಸರಿ, ಅದು ಕೇಳಿಸಿಕೊಂಡು ದೀಪ ಹಚ್ಚುತ್ತದೆ. ಹದ ಹಿಡಿಯಲು ಮೈಕಿನವರ ಪದ್ಧತಿಯಂತೆ ಮೂರು ದಿನ ನಾನೇ ಅದರ ಮುಂದೆ ಕೂತು "ಹಲೋ, ಹಲೋ" ಎಂದೆ. ಪೆಟ್ಟಿಗೆಗೆ ನನ್ನ ದನಿಯ ಗುರುತು ಚೆನ್ನಾಗಿ ಸಿಕ್ಕಿತು. ನನ್ನ ಮಾನ ಹೋದದ್ದು ಆ ಗುರುತಿನಿಂದಲೇ.

ಅದೇ ವಾರ ಮಗಳ ಸಂಬಂಧದ ಮಾತು ಬಂತು. ಶಿವಗಂಗಾ ಬಾಗಲಕೋಟೆಯಲ್ಲಿ ಸಾಲೆ ಕಲಿಸುತ್ತಾಳೆ. ಜೊತೆಗೆ ಕಲಿಸುವ ಬಾದಾಮಿಯ ಸಂತೋಷಕುಮಾರನೂ ಇವಳೂ ತಾವು ತಾವೇ ಒಪ್ಪಿಕೊಂಡಿದ್ದರು. ಹಿರಿಯರು ಹೂಂ ಅನ್ನುವುದಷ್ಟೇ ಬಾಕಿ. ಹುಡುಗನ ತಾಯಿ ಬಸವೇಶ್ವರಿಯವರಿಗೆ ಒಂದೇ ಅನುಮಾನವಂತೆ: ಹುಡುಗಿ ಬಂಗಾರ, ಆದರೆ ಅಪ್ಪ ಬೆಂಕಿ. ರವಿವಾರ ಗಂಡನನ್ನು ಕರೆದುಕೊಂಡು ಖುದ್ದು ನೋಡಲು ಬರುವವರಿದ್ದರು.

"ಅಪ್ಪಾ, ಒಂದು ತಾಸು," ಅಂದಳು ಮಗಳು. "ಒಂದs ತಾಸು ದನಿ ಏರಿಸಬ್ಯಾಡ."

"ನಾ ಯಾವಾಗ ಏರಿಸೇನಿ?" ಎಂದು ನಾನು ಕೇಳಿದ್ದಕ್ಕೆ ಪಕ್ಕದ ಮನೆಯವರು ಕಿಟಕಿ ತೆರೆದು ನೋಡಿದರು.

ರವಿವಾರ ಮುಂಜಾನೆ ಪೆಟ್ಟಿಗೆಯ ಮುಖಕ್ಕೆ ಬಟ್ಟೆ ಹಾಕುವುದೊಂದು ಉಳಿದಿತ್ತು. ತಂತಿ, ಪಟ್ಟಿ ಎಲ್ಲ ಕರುಳಿನ ಹಾಗೆ ಕಾಣುತ್ತಿದ್ದವು. ಅಂಗಡಿಗಳು ತೆರೆದಿರಲಿಲ್ಲ. ಟ್ರಂಕು ತೆಗೆದರೆ ತಳದಲ್ಲಿ ಹಳೆಯ ಇಳಕಲ್ ಸೀರೆಯೊಂದು ಕಂಡಿತು. ಹೆಂಡತಿ ಅದನ್ನು ಉಟ್ಟಿದ್ದನ್ನು ನಾನು ಎಂದೂ ನೋಡಿರಲಿಲ್ಲ, ಅಥವಾ ನೋಡಿ ಮರೆತಿದ್ದೆ. ಇಳಕಲ್ಲಿನ ಸ್ಪೀಕರಿಗೆ ಇಳಕಲ್ಲಿನದೇ ಸೆರಗು! ನನ್ನ ಬುದ್ಧಿಗೆ ನಾನೇ ಮೆಚ್ಚಿ, ಕೆಂಪು ರೇಷ್ಮೆಯ ಭಾಗ ಕತ್ತರಿಸಿ, ಎರಡು ಪದರು ಮಾಡಿ ಬಿಗಿದೆ. ಹಾಡು ಹಚ್ಚಿ ನೋಡಿದೆ. ಜೋರಿಗೆ ಕೆಂಪು ಭರ್ಜರಿಯಾಗಿ ಬಂತು. ಹಸಿರು ಮಾತ್ರ ಕಾಣಲೇ ಇಲ್ಲ. ಅದು ಒಳಗೆ ಉರಿಯುತ್ತಿತ್ತು, ಕೆಂಪು ಬಟ್ಟೆ ಅದನ್ನು ನುಂಗಿಬಿಟ್ಟಿತ್ತು. ಬಿಚ್ಚೋಣವೆಂದರೆ ಬಾಗಿಲಲ್ಲಿ ಕಾರು ಬಂದು ನಿಂತಿತ್ತು.

ಅವಲಕ್ಕಿ ಆಯಿತು, ಚಹಾ ಆಯಿತು. ನಾನು ಹಾಡು ನಿಲ್ಲಿಸಿ, ಕೈಕಟ್ಟಿ ಶರಣರ ಹಾಗೆ ಕೂತೆ. ಬಸವೇಶ್ವರಿಯವರು ಮೆತ್ತಗೆ ಕೇಳಿದರು. "ತಪ್ಪು ತಿಳೀಬ್ಯಾಡ್ರಿ. ನಿಮಗ ಸಿಟ್ಟು ಸ್ವಲ್ಪ ಜಾಸ್ತಿ ಅಂತ ಕೇಳೇವಿ."

"ಯಾರು ಹೇಳಿದವ್ರು? ಸಿಟ್ಟು ಅನ್ನೂದs ಗೊತ್ತಿಲ್ಲ ನನಗ!"

ಮೂಲೆಯಲ್ಲಿ ಪೆಟ್ಟಿಗೆ ಭಗ್ ಎಂದು ಕೆಂಪಾಯಿತು.

ಎಲ್ಲರೂ ಅತ್ತ ತಿರುಗಿದರು. ಮಗಳು ಕಣ್ಣು ಮುಚ್ಚಿಕೊಂಡಳು. ಅದೇನೆಂದು ಬೀಗರು ಕೇಳಿದ್ದೇ ತಡ, ನನ್ನೊಳಗಿನ ವಿಜ್ಞಾನಿ ಎದ್ದ. ನೆತ್ತಿಯ ಮೈಕಿನಿಂದ ಹಿಡಿದು ಒಳಗಿನ ಪಟ್ಟಿಯವರೆಗೆ ಎಲ್ಲವನ್ನೂ ವರ್ಕ್‌ಶಾಪಿನ ದನಿಯಲ್ಲಿ ವಿವರಿಸಿದೆ. ಜೋರು ದನಿಗೆ ಮಾತ್ರ ಕೆಂಪು ಎಂದೂ ನಾನೇ ಹೇಳಿದೆ. ವಿವರಣೆ ಮುಗಿಯುವವರೆಗೆ ಪೆಟ್ಟಿಗೆ ಒಮ್ಮೆಯೂ ಆರಲಿಲ್ಲ.

ಬಸವೇಶ್ವರಿಯವರು ಎದ್ದು ಹತ್ತಿರ ಹೋಗಿ ಬಟ್ಟೆ ಮುಟ್ಟಿ ನೋಡಿದರು. "ಕೈಮಗ್ಗದ ಸೆರಗು. ಈಗ ಇಂಥಾದ್ದು ಯಾರು ನೇಯ್ತಾರ?"

ಅಡುಗೆಮನೆಯಿಂದ ನನ್ನ ಹೆಂಡತಿ ದಾನಮ್ಮ ಬಂದಳು. ನೋಡಿದಳು. ಬಹಳ ಸಣ್ಣ ದನಿಯಲ್ಲಿ ಅಂದಳು. "ಇದು ನನ್ನ ಮದಿವಿ ಸೀರಿ."

ಪೆಟ್ಟಿಗೆ ಬೆಳಗಲಿಲ್ಲ. ಅಷ್ಟು ಹೊತ್ತು ಅದು ಕೆಂಪಗಿದ್ದಾಗಲೂ ನನಗೆ ಅಷ್ಟು ಹೆದರಿಕೆ ಆಗಿರಲಿಲ್ಲ.

ಮುಗಿಯಿತು, ಮಗಳ ಸಂಬಂಧವನ್ನು ನಾನೇ ಕತ್ತರಿಯಿಂದ ಕತ್ತರಿಸಿದೆ ಎಂದುಕೊಂಡೆ. ಆದರೆ ಬಸವೇಶ್ವರಿಯವರು ತಿರುಗಿ ಬಂದು ಕೂತರು.

"ಸಿಟ್ಟು ನಮ್ಮ ಮನ್ಯಾಗೂ ಅದ," ಎಂದು ಗಂಡನ ಕಡೆ ನೋಡಿದರು. ಅವರು ಚಹಾದ ಬಟ್ಟಲು ನೋಡಿಕೊಂಡರು. "ಸಿಟ್ಟಿಗೆ ನಾ ಅಂಜೂದಿಲ್ರಿ. ತಪ್ಪಾತು ಅನ್ನಾಕ ಬಾರದವರಿಗೆ ಅಂಜ್ತೇನಿ. ಅಕ್ಕಾರಿಗೆ ಒಂದು ಸಲ ಅನ್ರಿ, ನಾ ಈಗs ಹೂಂ ಅಂತೇನಿ."

ಇಪ್ಪತ್ತೇಳು ವರ್ಷದ ಸಂಸಾರದಲ್ಲಿ ಆ ಮಾತು ನನ್ನ ಬಾಯಿಂದ ಬಂದದ್ದಿಲ್ಲ. ಮಗಳ ಮುಖ ನೋಡಿದೆ. ಗಂಟಲು ಸರಿಮಾಡಿಕೊಂಡು, ಬೆಣ್ಣೆಯಂಥ ದನಿಯಲ್ಲಿ ಅಂದೇಬಿಟ್ಟೆ. "ತಪ್ಪಾತು."

ದಾನಮ್ಮ ನನ್ನತ್ತ ನೋಡಲಿಲ್ಲ, ಪೆಟ್ಟಿಗೆಯತ್ತ ನೋಡಿದಳು. "ದೀಪ ಹತ್ತಲಿಲ್ಲಲ್ರಿ. ನೀವು ಅಂದೀರಂತ ಹ್ಯಾಂಗ ನಂಬೂದು?"

"ಹತ್ತೇತಿ! ಒಳಗ ಹಸಿರು ಹತ್ತೇತಿ! ತಪ್ಪಾತಂತ ಅಂದೇನಲ್ಲಾ!"

ಭಗ್ ಎಂದು ಕೆಂಪು.

"ಇದು ಬೈದಂಗಾತು," ಅಂದಳು ದಾನಮ್ಮ.

ಬಟ್ಟೆ ಬಿಚ್ಚಿ ಹಸಿರು ತೋರಿಸುತ್ತೇನೆಂದು ಎದ್ದರೆ, ಆ ಸೆರಗಿಗೆ ಇನ್ನೊಮ್ಮೆ ಕೈ ಹಚ್ಚಿದರೆ ನೆಟ್ಟಗಾಗುವುದಿಲ್ಲ ಎಂದಳು. ಬಸವೇಶ್ವರಿಯವರು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಇಂಥ ಮನೆಯಲ್ಲಿ ಬೆಳೆದ ಹುಡುಗಿ ಯಾವ ಮನೆಗೂ ಅಂಜುವುದಿಲ್ಲ ಎಂದು ಶಿವಗಂಗಾಳ ಬಾಯಿಗೆ ಸಕ್ಕರೆ ಹಾಕಿದರು.

ಮದುವೆಯಾಗಿ ಈಗ ಒಂದು ವರ್ಷ. ಮಗಳು ಬಾದಾಮಿಯಲ್ಲಿ ಸುಖವಾಗಿದ್ದಾಳೆ. ಮನೆಯಲ್ಲಿ ನಾನು ಬಾಯಿ ತೆರೆಯುವ ಮೊದಲು ಪೆಟ್ಟಿಗೆಯ ಕಡೆ ನೋಡುವುದನ್ನು ಕಲಿತಿದ್ದೇನೆ. ಮೊನ್ನೆ ಧೈರ್ಯ ಮಾಡಿ, ಆ ತಪ್ಪಾತು ಅನ್ನುವುದನ್ನು ಜಮಾ ಮಾಡಿಕೊಂಡುಬಿಡು, ಬೇಕಾದರೆ ಬೇರೆ ಬಟ್ಟೆ ಹಾಕಿ ಹಸಿರು ದೀಪದಲ್ಲೇ ಹೇಳುತ್ತೇನೆ ಎಂದು ದಾನಮ್ಮನನ್ನು ಬೇಡಿಕೊಂಡೆ.

ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ.

"ಬ್ಯಾಡ್ರಿ. ಅದೊಂದು ಬಾಕಿ ಇರ್ಲಿ. ತೀರಿಸಿಬಿಟ್ರ ನಾಳಿಂದ ಮತ್ತ ಶುರು ಮಾಡ್ತೀರಿ."